ಅಯ್ಯನವರಿಗೆ ಟಿಕೀಟಿಲ್ಲ

ಗಬ್ಬೂರ, ಹುಬ್ಬಳ್ಳಿ
೧೨ ನವೆಂಬರ ೧೯೫೮

ಪ್ರೀತಿಯ ದಾನವ್ವಾ,

ಕಾಲಿನ ಬಾವು ಇಳಿಯಿತೇ? ದಿನ ತುಂಬಿದವಳು ನೀನು, ತವರಿನಲ್ಲಾದರೂ ಹಟ ಬಿಟ್ಟು ಕುಳಿತು ಉಣ್ಣು. ಮುಗದಕ್ಕೆ ಬರುತ್ತೇನೆಂದು ಹೇಳಿ ಹೇಳಿ ನಾನು ಬರಲಿಲ್ಲ, ಸಿಟ್ಟಾಗಿರುತ್ತೀ. ಆ ಸಿಟ್ಟಿನಲ್ಲಿ ಅರ್ಧ ನಮ್ಮ ಬಸ್ಸಿನ ಸಾಹುಕಾರನಿಗೆ ಸೇರಬೇಕು. ಎರಡು ಗಾಡಿಗಳಿದ್ದಾಗ ಕಂಡಕ್ಟರರಿಬ್ಬರೂ ನಿನ್ನ ಗಂಟು ಹಿಡಿದು ಜಗ್ಗಾಡುತ್ತಿದ್ದರು, ನೀನು 'ಗಂಟು ಹರದೀತು, ಬಿಡ್ರಿ' ಎಂದು ಬೈಯುತ್ತಿದ್ದೆ. ಈಗ ಹಸಿರು ಗಾಡಿಯವನು ಕೆಂಪು ಗಾಡಿಯನ್ನೂ ಕೊಂಡು ಮೂಲೆಗೆ ನಿಲ್ಲಿಸಿದ್ದಾನೆ. ಮನಸ್ಸು ಬಂದಾಗ ದರ ಏರಿಸುತ್ತಾನೆ. ಕೇಳಿದರೆ 'ಒಲ್ಲೆ ಅಂದ್ರ ನಡಕೊಂಡ ಹೋಗ್ರಿ' ಎನ್ನುತ್ತಾನೆ. ದುರ್ಗದಬೈಲಿನ ಅಂಗಡಿಗೆ ಹೋಗಿ ಬರುವುದರಲ್ಲೇ ಪಗಾರ ಕರಗಿ, ನಿನ್ನೂರಿನ ದಾರಿಗೆ ಏನೂ ಉಳಿಯುತ್ತಿರಲಿಲ್ಲ. ಸಿಟ್ಟಿಗೆ ನಡೆದೂ ನೋಡಿದೆ, ಪಾದವೆಲ್ಲ ಬೊಬ್ಬೆ.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಸಾಹುಕಾರ ದೊಡ್ಡ ಭಕ್ತ, ಜಂಗಮರಿಂದ ಮಾತ್ರ ದುಡ್ಡು ಮುಟ್ಟುವುದಿಲ್ಲ. ನಿಮ್ಮೂರಿನ ಮಹಾಂತಯ್ಯನವರು ನಮ್ಮಲ್ಲಿ ಮರೆತು ಹೋದ ಕಾವಿ ಶಲ್ಯವಿತ್ತಲ್ಲ, ಅದನ್ನು ಹೊದ್ದು, ಹಣೆ ತುಂಬ ವಿಭೂತಿ ಬಳಿದು ಬೆಳಗಿನ ಮೊದಲ ಗಾಡಿ ಹತ್ತಿದೆ. ಹೊಸ ಕಂಡಕ್ಟರ್ ನೀಲಪ್ಪ ಕೈಮುಗಿದು 'ಮುಂದ ಕುಂಡ್ರಿ, ಅಯ್ಯನವರ' ಎಂದ. ಖರೆ ಹೇಳುತ್ತೇನೆ, ಮೊದಲೆರಡು ದಿನ ಸಾಹುಕಾರನಿಗೆ ಟೋಪಿ ಹಾಕಿದೆನೆಂದು ಒಳಗೊಳಗೇ ನಕ್ಕೆ.

ಭಾನುವಾರ ಶಿವಬಸವ್ವನೆಂಬ ಮುದುಕಿ, ದಾರಿಯ ತೋಟದ ಮನೆಯವಳು, ಬಸ್ಸಿನಲ್ಲೇ ನನ್ನ ಕಾಲಿಗೆ ಬಿದ್ದಳು. ದರ ಏರಿದಾಗಿನಿಂದ ನಡೆದೇ ಓಡಾಡುತ್ತಿದ್ದವಳು ಯಾರಾದರೂ ಅಯ್ಯನವರನ್ನು ಹುಡುಕಲೆಂದೇ ಅಂದು ಗಾಡಿ ಹತ್ತಿದ್ದಳಂತೆ. 'ನಮ್ಮ ಅಯ್ಯನವರು ಹಾಸಿಗಿ ಹಿಡದಾರ್ರಿ, ಮೊಮ್ಮಗಗ ನೀವ ಲಿಂಗಾ ಕಟ್ಟಬೇಕರಿ' ಎಂದಳು. ಬಸ್ಸೆಲ್ಲ ನನ್ನನ್ನೇ ನೋಡುತ್ತಿತ್ತು. ಅವಳ ಹಿಂದೆ ಇಳಿದೆ. ನನ್ನ ಬೊಬ್ಬೆ ಎದ್ದ ಪಾದ ತೊಳೆದು, ಆ ನೀರನ್ನು ಬಾಣಂತಿಯೂ ಕುಡಿದಳು ದಾನವ್ವಾ, ನಿನ್ನ ವಯಸ್ಸಿನವಳು. ಕೂಸಿಗೆ ಲಿಂಗ ಕಟ್ಟಿದೆ. ನಡುವೆ ಮಂತ್ರ ಮರೆತು ಸುಮ್ಮನಾದರೆ, ಅದನ್ನೂ ಭಕ್ತಿಯೆಂದುಕೊಂಡರು. ನನ್ನ ಮನೆ ಎಲ್ಲಿ ಎಂದು ಕೇಳಿದಾಗ ಮಾತ್ರ ಖರೆ ವಿಳಾಸ ಹೇಳಿದೆ. ಅಂದಿನಿಂದ ಅನ್ನ ಇಳಿಯುತ್ತಿಲ್ಲ. ನಾಳೆ ನಮ್ಮ ಕೂಸನ್ನು ಯಾವ ಮುಖದಿಂದ ಎತ್ತಿಕೊಳ್ಳಲಿ?

ಮಾವನವರಿಗೂ ಅತ್ತಿಯವರಿಗೂ ನನ್ನ ಶರಣು ಹೇಳು. ಅವರಿಗೆ ಇದನ್ನು ತಿಳಿಸುವುದು ಬಿಡುವುದು ನಿನಗೆ ಬಿಟ್ಟದ್ದು. ನೀನು ಸುಖವಾಗಿ ಹೆತ್ತು ಬಾ.

ನಿನ್ನ
ಸಿದ್ದಲಿಂಗಪ್ಪ

ತಾ. ಕ.: ಲಕೋಟೆ ಅಂಟಿಸುವಾಗಲೇ ಶಿವಬಸವ್ವನ ಮಗ ಬಾಗಿಲಿಗೆ ಬಂದಿದ್ದಾನೆ. ನಿನ್ನೆಯಿಂದ ಕೂಸು ಮೊಲೆ ಹಿಡಿಯುತ್ತಿಲ್ಲ. 'ಅಯ್ಯನವರ ವಿಭೂತಿ ಸಾಕು, ದವಾಖಾನಿ ಬ್ಯಾಡ' ಎಂದು ಮುದುಕಿ ಹಟ ಹಿಡಿದು ಕುಳಿತಿದ್ದಾಳಂತೆ. ಮಹಾಂತಯ್ಯನವರಿಗೆ ಎಲ್ಲ ಹೇಳಿ ಲಗೂ ಕಳಿಸು, ಖರೆ ಅಯ್ಯನವರ ಮಾತನ್ನಾದರೂ ಮುದುಕಿ ಕೇಳಿಯಾಳು. ನಾನು ಶಲ್ಯ ತೆಗೆದಿಟ್ಟು, ಹಣೆ ಒರೆಸಿಕೊಂಡು ಈಗಲೇ ಹೊರಟಿದ್ದೇನೆ. ಮೊದಲು ನಿಜ ಹೇಳಿ, ಆಮೇಲೆ ಕೂಸನ್ನು ದವಾಖಾನೆಗೆ ಒಯ್ಯಬೇಕು. ಹೇಳಿದ ಮೇಲೆ ಕೂಸನ್ನು ನನ್ನ ಕೈಗೆ ಕೊಡುತ್ತಾರೋ ಇಲ್ಲವೋ.