ಕಾಲುಂಗುರ

ಅಕ್ಕಾ,

ಸಿರುಗುಪ್ಪದ ಆಸ್ಪತ್ರೆಯಲ್ಲಿ ಎಡಮಗ್ಗುಲಾಗಿ ಮಲಗಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗೆ ಬರುತ್ತಿವೆ. ಓದುವವರು ಯಾರಿದ್ದಾರೆ ಬಿಡು.

ನನಗೀಗ ಎಂಟು ತಿಂಗಳು. ಬೆಳಿಗ್ಗೆ ಹಚ್ಚೊಳ್ಳಿಯ ಮನೆಯಲ್ಲಿ ಎದ್ದು ನೋಡಿದರೆ ಪಾದ ಊದಿಕೊಂಡು ಕಾಲುಂಗುರ ಬೆರಳಿನೊಳಗೆ ಹೂತುಹೋಗಿತ್ತು. ತಲೆನೋವು ಬೇರೆ. ಉಂಗುರ ತೆಗೆಯಲು ಹೋದರೆ ಅತ್ತೆ ನನ್ನ ಕೈ ಹಿಡಿದರು.

"ಗಂಡ ಇದ್ದಾಕಿ ಕಾಲುಂಗುರ ತೆಗೀಬಾರ್ದವಾ. ಬಸುರಿ ಕಾಲು ಬಾಯೋದು ಇದ್ದದ್ದೇ."

ಬಸುರಿಯಾಗಿದ್ದ ನಿನಗೆ ಕುರುಗೋಡಿನಲ್ಲಿ ನಿನ್ನ ಅತ್ತೆ ಹೇಳಿದ್ದೂ ಇದೇ ಮಾತು. ನನಗೆ ಸಿಟ್ಟು ನೆತ್ತಿಗೇರಿತು.

"ನಿಮ್ಮ ಮಗ ಇಲ್ಲೇ ನಿಂತಾರಲ್ರೀ ಅತ್ತಿ, ಅವರೇ ತೆಗೀಲಿ. ಆಮ್ಯಾಲೆ ದವಾಖಾನಿಗೆ ಹೋಗೋಣು" ಎಂದೆ.

ಇವರು ಇಕ್ಕಳ ತಂದು, ಉಂಗುರದ ಬಾಯಿ ಅಗಲಿಸಿ ತೆಗೆದರು.

ಇಲ್ಲಿ ನರ್ಸಮ್ಮ ಬಿಪಿ ನೋಡಿದವರೇ ನನ್ನನ್ನು ಮಲಗಿಸಿ ಡಾಕ್ಟರನ್ನು ಕರೆದರು. "ಹಿಂಗ ಕಾಲು ಬಾತು ತಲಿನೋವು ಬಂದ್ರ ಒಂದು ದಿನಾನೂ ಕಾಯಬಾರ್ದು. ಲಗೂನ ಬಂದ್ರಿ, ಚಲೋ ಆತು" ಎಂದರು.

ಔಷಧಿ ಕೊಟ್ಟ ಮೇಲೆ ಬಿಪಿ ಇಳಿದಿದೆ. ಇನ್ನೂ ಕೆಲವು ದಿನ ಇಲ್ಲೇ ಇರಬೇಕಂತೆ. ಕೂಸು ಒದೆಯುತ್ತಿದೆ. ಅತ್ತೆ ನನ್ನ ಕಾಲುಂಗುರಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಾಗಿಲ ಬಳಿ ಕೂತಿದ್ದಾರೆ.

ನಿನ್ನವನ್ನು ಯಾರೂ ತೆಗೆಯಲಿಲ್ಲ. ಮಣ್ಣಿಗೆ ಬಂದ ಹೆಂಗಸರೆಲ್ಲ ನಿನ್ನ ಊದಿದ ಕಾಲು ಮುಟ್ಟಿ ನಮಸ್ಕರಿಸಿ, "ಮುತ್ತೈದಿಯಾಗಿ ಹೋದ್ಲು, ಪುಣ್ಯವಂತಿ" ಎಂದರು.