ಹತ್ತು ನಿಮಿಷ ಎತ್ತಬಾರದು

ಮಂಗಳವಾರ, ತಾರೀಖು ಹದಿನಾಲ್ಕು

ಪರಮಪೂಜ್ಯ ಭಾವನವರಿಗೆ,

ನಾದಿನಿಯ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಬರೆಯುವುದಿಲ್ಲ. ಕಾಗದ ಎಂಟು ದಿನ ತಡವಾಯಿತು, ಕ್ಷಮಿಸಬೇಕು. ಮೊದಲು ಬರೆದ ಮೂರನ್ನು ನಾನೇ ಹರಿದುಹಾಕಿದೆ. ಅವುಗಳಲ್ಲಿದ್ದ ಮಾತು ಓದಿ ಲಿಫ್ಟ್ ಜೋಡಿಸುವಾಗ ನಿಮ್ಮ ಕೈ ನಡುಗಿದರೆ ಅದರಲ್ಲಿ ಹತ್ತಿ ಇಳಿಯುವವರ ಗತಿಯೇನು ಎಂಬ ಲೋಕಹಿತದ ಚಿಂತೆ ನನ್ನದು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದದಲ್ಲಿ ಆ ಸೌಲಭ್ಯವಿಲ್ಲ.

ಮಗುವಿಗೆ ಮೂರು ವಾರ ತುಂಬಿದಾಗ ನೀವು ಪರವೂರಿನ ಲಿಫ್ಟ್ ಕೆಲಸಕ್ಕೆ ಹೊರಟಿರಿ. ಹೊರಡುವ ಮುಂಚೆ ಒಂದು ಹಾಳೆ ಬರೆದು ತೊಟ್ಟಿಲ ಪಕ್ಕದ ಗೋಡೆಗೆ ಅಂಟಿಸಿದಿರಿ. ಮೂರು ಗಂಟೆಗೊಮ್ಮೆ ಹಾಲು. ಗಡಿಯಾರ ನೋಡಿ ನಿದ್ದೆ. ಅತ್ತರೆ ಹತ್ತು ನಿಮಿಷ ಎತ್ತಬಾರದು, ಎತ್ತಿದರೆ ತಾನಾಗಿ ಮಲಗುವುದನ್ನು ಕಲಿಯುವುದಿಲ್ಲ. ನಿಮ್ಮ ಸೂಪರ್‌ವೈಸರ್ ಹೀಗೆ ಮಾಡಿಸಿ ಅವರ ಮಗು ಬೊಂಬೆಯ ಹಾಗೆ ಮಲಗಿತಂತೆ. ಅವರ ಹೆಂಡತಿಯನ್ನು ಯಾರಾದರೂ ಕೇಳಿದರಾ?

ಅಕ್ಕ ಆ ಹಾಳೆಯನ್ನು ಕೋರ್ಟಿನ ಆದೇಶದ ಹಾಗೆ ಪಾಲಿಸಿದಳು. ನಾನು ಕನ್ನಡಕದಂಗಡಿಯ ಬೆಳಗಿನ ಪಾಳಿ ಮುಗಿಸಿ ಬಂದು, ಮಾಡಲು ಬೇರೆ ಕಸುಬಿಲ್ಲದೆ, ಒಂದು ನೋಟ್‌ಬುಕ್ಕಿನ ಮೇಲೆ 'ಮಾನ್ಯ ಅಧ್ಯಕ್ಷರ ಭಾಷಣಗಳು' ಎಂದು ಬರೆದು ವರದಿ ತಯಾರಿಸತೊಡಗಿದೆ. ಅಧ್ಯಕ್ಷರು ಎಂದರೆ ನಿಮ್ಮ ಮಗಳು. ತಮಾಷೆಗೆ ಶುರುವಾದದ್ದು, ತಿಂಗಳು ಕಳೆಯುವಷ್ಟರಲ್ಲಿ ಭಾಷಣ ಅರ್ಥವಾಗತೊಡಗಿತು. ಹಸಿವಿನ ಅಳು ಗಿಡ್ಡ, ಒಂದರ ಮೇಲೊಂದು ಏರುತ್ತದೆ, ಮುಷ್ಟಿ ಬಾಯಿಗೆ ಹೋಗುತ್ತದೆ. ನಿದ್ದೆಯದ್ದು ಮೊದಮೊದಲು ಅಳುವೇ ಅಲ್ಲ, ಬರೀ ಗೊಣಗಾಟ. ಕಿವಿ ಉಜ್ಜಿಕೊಳ್ಳುತ್ತಾಳೆ, ನಮ್ಮ ಮುಖ ಬಿಟ್ಟು ಗೋಡೆ ನೋಡುತ್ತಾಳೆ. ಆಗಲೇ ಪರದೆ ಎಳೆದು ಮೆಲ್ಲಗೆ ತಟ್ಟಿದರೆ ಐದು ನಿಮಿಷಕ್ಕೆ ಸಭೆ ಮುಕ್ತಾಯ. ಹತ್ತು ನಿಮಿಷ ಬಿಟ್ಟರೆ ಬೆನ್ನು ಬಿಲ್ಲಾಗಿ, ಗಂಟಲು ಕಟ್ಟಿ, ಒಂದೂವರೆ ಗಂಟೆ ಯಾರಿಗೂ ನಿದ್ದೆಯಿಲ್ಲ. ಅಂದರೆ, ಭಾವ, ಮಗುವಿನ ನಿದ್ದೆ ಕೆಡಿಸುತ್ತಿದ್ದದ್ದು ನಿಮ್ಮ ನಿದ್ದೆಯ ಹಾಳೆ.

ಮಹಾ ಸಂಶೋಧನೆ ಎಂದುಕೊಂಡು ಅಕ್ಕನಿಗೆ ತೋರಿಸಿದೆ. ಅವಳು ಪುಟ ಕೂಡ ತಿರುಗಿಸಲಿಲ್ಲ.

"ನಂಗೆ ಮೊದಲ ವಾರದಿಂದಲೇ ಗೊತ್ತು ಕಣೇ. ಎತ್ತಿ ಎತ್ತಿ ಮಗೂನ ಹಾಳು ಮಾಡ್ದೆ ಅಂತ ಅವರು ಬಂದ ಮೇಲೆ ಅನ್ನಬಾರದಲ್ಲ."

ಹೋದ ಸೋಮವಾರ ಮಧ್ಯಾಹ್ನ ನಾನು ಮನೆಗೆ ಬಂದಾಗ ಕೇಳಿಸಿದ ಅಳು ನನ್ನ ವರದಿಯಲ್ಲಿ ಇರಲಿಲ್ಲ. ಒಮ್ಮೆಲೇ ಚೀರುವುದು, ಉಸಿರು ಕಟ್ಟುವುದು, ಮತ್ತೆ ಚೀರುವುದು. ಅಕ್ಕ ಕೈಗಡಿಯಾರ ಹಿಡಿದು ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಇನ್ನು ಮೂರೇ ನಿಮಿಷ ಎಂದಳು. ನಾನು ಅವಳನ್ನು ತಳ್ಳಿ ಒಳಗೆ ಹೋದೆ. ಹೌದು, ಹೆತ್ತು ನಾಲ್ಕು ತಿಂಗಳಾದ ಅಕ್ಕನನ್ನು ತಳ್ಳಿದೆ. ಮಗುವಿನ ಕಾಲುಚೀಲ ಎಳೆದರೆ, ಅದರೊಳಗೆ ಬಿಚ್ಚಿಕೊಂಡಿದ್ದ ದಾರದ ಎಳೆಯೊಂದು ಕಿರುಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು, ಬೆರಳು ಊದಿ ನೇರಳೆಯಾಗಿತ್ತು.

ಆಸ್ಪತ್ರೆಯಲ್ಲಿ ನರ್ಸಮ್ಮ ಸಣ್ಣ ಕತ್ತರಿಯಿಂದ ಎಳೆ ಕತ್ತರಿಸಿದರು. ಬೆರಳು ಉಳಿಯಿತು. ಇನ್ನೂ ತಡವಾಗಿದ್ದರೆ ಹೇಳುವ ಹಾಗಿರಲಿಲ್ಲ ಎಂದರು. ಅಳುವ ಮಗುವನ್ನು ತಲೆಯಿಂದ ಕಾಲಿನವರೆಗೆ ಬಿಚ್ಚಿ ನೋಡುವುದಕ್ಕೆ ಗಡಿಯಾರ ಯಾಕಮ್ಮ ಎಂದು ಅಕ್ಕನನ್ನು ಬೈದರು. ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು. ನಿಮ್ಮ ಹೆಸರು ಎತ್ತಲಿಲ್ಲ.

ಸಂಜೆ ನಿಮಗೆ ಫೋನ್ ಮಾಡಿದಳು. ನೀವು ಅಂದದ್ದು ನನಗೂ ಕೇಳಿಸಿತು. "ಅಂಥ ಅಳು ಬೇರೆ ಥರ ಇರುತ್ತೆ ಅಂತ ತಾಯಿಯಾದವಳಿಗೆ ಗೊತ್ತಾಗಬೇಡ್ವಾ?"

ಗೊತ್ತಾಗಿತ್ತು ಭಾವ. ಗೊತ್ತಾದದ್ದನ್ನು ನಂಬಬೇಡ ಎಂದು ಗೋಡೆಯ ಮೇಲೆ ಬರೆದು ಹೋದವರು ನೀವು.

ನಾನು ಕಿತ್ತು ಹರಿದ ಆ ಹಾಳೆಯ ಚೂರುಗಳನ್ನು ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ, ಒಟ್ಟು ನಲವತ್ತು. ಜೋಡಿಸಿಕೊಳ್ಳಿ, ಬಿಡಿಭಾಗ ಜೋಡಿಸುವುದು ನಿಮ್ಮ ಕಸುಬು ತಾನೇ. ಆಮೇಲೆ ರಜೆ ಹಾಕಿ ಬನ್ನಿ. ಬಂದು ಅಕ್ಕನೆದುರು ಕೂತು, ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳಿ. ಆಟಿಕೆ ತರಬೇಡಿ.

ನಾನು ಚಿಕ್ಕವಳು, ಹರಸುವ ಅಧಿಕಾರವಿಲ್ಲ. ಅಧ್ಯಕ್ಷರ ಪರವಾಗಿ ಹರಸೋಣವೆಂದು, ನಿಮಗೆ ಒಂದು ತಿಂಗಳು ಕಣ್ಣು ಹತ್ತದಿರಲಿ ಎಂದು ಬರೆದೆ, ಹೊಡೆದುಹಾಕಿದ್ದೇನೆ. ಚೆನ್ನಾಗಿರಿ. ಕೈಕಾಲು ಗಟ್ಟಿಯಾಗಿರಲಿ.

ಇಂತಿ,
ನಿಮ್ಮ ಒಬ್ಬಳೇ ನಾದಿನಿ

ತಾ.ಕ.: ನಿಮ್ಮ ಹಾಳೆ ಕಿತ್ತ ದಿನವೇ ಅಲ್ಲಿ ನನ್ನ ವರದಿಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದೆ. ಮಗು ಅತ್ತಾಗಲೆಲ್ಲ ಅಕ್ಕ ಅದರ ಮುಂದೆ ನಿಂತು ಬೆರಳಿಟ್ಟು ಓದುವುದನ್ನು ಕಂಡು, ಇವತ್ತು ಬೆಳಿಗ್ಗೆ ಅದನ್ನೂ ಕಿತ್ತೆ. ಸ್ವಲ್ಪ ಹೊತ್ತಿಗೆ ಮಗು ಅತ್ತಿತು. ಬರೀ ಹಸಿವು, ಬೀದಿಯಲ್ಲಿ ಹೋಗುವವರಿಗೂ ತಿಳಿಯುವಂಥದ್ದು. ಅಕ್ಕ ತೊಟ್ಟಿಲಿನ ಮೇಲೆ ಎರಡೂ ಕೈ ಚಾಚಿ ಹಾಗೇ ನಿಂತು ನನ್ನ ಮುಖ ನೋಡಿದಳು. "ಎತ್ಕೊಳ್ಲಾ?" ಎಂದು ಕೇಳಿದಳು. ನಾನು ಹೂಂ ಅಂದೆ. ಆಮೇಲೆ ಎತ್ತಿಕೊಂಡಳು.