ಅರವತ್ತು ಕಾಲರ್

ಮಾರ್ಚ್ 4, 1974, ಸೋಮವಾರ

ಇವತ್ತೂ ಐವತ್ತೊಂದೇ. ಈ ಶರ್ಟ್ ಫ್ಯಾಕ್ಟರಿಗೆ ಬೇಕಾದ್ದು ಗಂಟೆಗೆ ಅರವತ್ತು ಕಾಲರ್. ಪಕ್ಕದ ಮಿಷನ್ನಿನ ಮಿಸ್ ಅಯೋನಿಯದು ಐವತ್ತೇ. ಹೋದ ವಾರ ಇಬ್ಬರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಶುಕ್ರವಾರ ಅವಳ ಸರದಿ — ಮೇಲ್ವಿಚಾರಕ ಪಿನಾಕ್ ಪಟ್ಟಿ ಅಂಟಿಸಿದ್ದಾನೆ.

ಆ ಅರವತ್ತು ಬಂದದ್ದೇ ಅವಳ ಕೈಯಿಂದ. ಜನವರಿಯಲ್ಲಿ ಮಾಲೀಕ ಅಮೆರಿಕದಿಂದ ಕರೆಂಟ್ ಗಡಿಯಾರ ತಂದ. ಅದರೆದುರು ಅವಳನ್ನು ಕೂರಿಸಿ ಒಂದು ಗಂಟೆ ಹೊಲಿಸಿದ, ಆಮೇಲೆ ಅದರ ಪ್ಲಗ್ ಕಿತ್ತಿಟ್ಟ. ಅರವತ್ತಾಯಿತು. ಈಗ ಅವಳಿಗೇ ಆಗುತ್ತಿಲ್ಲ.

"ವಯಸ್ಸಾಯ್ತು ಕಣೇ ಡೆಲ್ರೋಸ್," ಅಂದಳು.

ಕಾರ್ಮಿಕ ಸಂಘದ ಕಿರುಹೊತ್ತಿಗೆ ಮತ್ತೆ ಓದಿದೆ. ದುಡಿಮೆಯ ಬಗ್ಗೆ ಇಪ್ಪತ್ತು ಪುಟ. ಕಾಲರ್ ಬಗ್ಗೆ ಒಂದು ಸಾಲೂ ಇಲ್ಲ.

ಮಾರ್ಚ್ 5

ಊಟದ ಹೊತ್ತಿಗೆ ಮಿಸ್ ಅಯೋನಿಯನ್ನು ಕೇಳಿದೆ, ಗಡಿಯಾರದ ಪರೀಕ್ಷೆಯ ದಿನ ಹೇಗೆ ಹೊಲಿದೆ ಅಂತ. ಎಂದಿನಂತೆ, ಚರ್ಚಿನ ಕೀರ್ತನೆ ಹಾಡಿಕೊಂಡು. ಒಂದು ಕೀರ್ತನೆಗೆ ಐದು ಕಾಲರ್. ಇಪ್ಪತ್ತು ವರ್ಷದಿಂದ ಇದೇ ಲೆಕ್ಕ. ಅವತ್ತು ಹನ್ನೆರಡು ಕೀರ್ತನೆ ಆಗಿತ್ತಂತೆ. ಈಗ ಗಂಟೆಗೊಮ್ಮೆ ಕೂಗುವ ಸೈರನ್ನಿನಿಂದ ಸೈರನ್ನಿಗೆ ಹತ್ತೇ.

"ಅವತ್ತು ಬೇಗ ಬೇಗ ಹಾಡಿದ್ಯಾ?"

"ದೇವರ ಹಾಡನ್ನ ಓಡಿಸ್ತಾರೇನೇ, ನಿನ್ನ ಭಾಷಣದ ಥರ?"

ಹಾಡು ಅದೇ. ಕೈ ಅದೇ. ಹಾಗಾದರೆ... ಗಂಟೆ ಬೇರೆಯೇ?

ಮಾರ್ಚ್ 6, ಸಂಜೆ

ವರ್ನಾ ಚಿಕ್ಕಮ್ಮ ನ್ಯೂಯಾರ್ಕಿನಿಂದ ತಂದ ರೆಕಾರ್ಡ್ ಪ್ಲೇಯರ್ ಹಾಕಿದಳು. ಹಾಡುವವಳ ದನಿ ಗಂಡಸಿನ ಹಾಗೆ, ಎಳೆದೆಳೆದು. ಪಾಪ, ಹಡಗಿನಲ್ಲಿ ಬರುವಾಗ ಅವಳಿಗೆ ನೆಗಡಿಯಾಯ್ತು ಅಂತ ಚಿಕ್ಕಮ್ಮನ ಹಳೇ ಜೋಕು. ನಾನು ನಗಲಿಲ್ಲ. ಪ್ಲೇಯರ್ ಮಗುಚಿದೆ: 110 ವೋಲ್ಟ್, 60 ಸೈಕಲ್. ಗೋಡೆಯ ಮೀಟರಿಗೆ ಓಡಿದೆ: 110 ವೋಲ್ಟ್, 50 ಸೈಕಲ್.

ವೋಲ್ಟೇಜ್ ಒಂದೇ. ಪ್ಲಗ್ಗಿನ ಪಿನ್ನೂ ಒಂದೇ. ಚುಚ್ಚಿದರೆ ತಿರುಗುತ್ತದೆ. ಅದಕ್ಕೇ ನಮ್ಮ ಕಿಂಗ್‌ಸ್ಟನ್ನಿನಲ್ಲಿ ಯಾರಿಗೂ ಅನುಮಾನ ಬಂದಿಲ್ಲ. ಅಮೆರಿಕದಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತದೆ, ಇಲ್ಲಿ ಐವತ್ತು. ಮಿಡಿತ ಎಣಿಸಿ ಓಡುವ ಮೋಟಾರು ಇಲ್ಲಿ ಹಿಂದೆ ಬೀಳುತ್ತದೆ.

ಮಾಲೀಕನ ಗಡಿಯಾರವೂ ಅಮೆರಿಕದ್ದೇ. ಅದರ ಒಂದು ಗಂಟೆ ನಮಗೆ ಎಪ್ಪತ್ತೆರಡು ನಿಮಿಷ!

ಮಾರ್ಚ್ 8, ಶುಕ್ರವಾರ



ನಿನ್ನೆ ಗಡಿಯಾರದ ವಿಷಯ ಹೇಳಿದಾಗ ಪಿನಾಕ್ ನಕ್ಕಿದ್ದ. ಅಮೆರಿಕದ ಗಡಿಯಾರ ಸುಳ್ಳು ಹೇಳುತ್ತಾ, ಪ್ರೊಫೆಸರಮ್ಮಾ, ಅಂದಿದ್ದ. ಇವತ್ತು ಮಿಸ್ ಅಯೋನಿಯನ್ನು ಕೆಲಸದಿಂದ ತೆಗೆಯುವ ಕಾರ್ಡಿಗೆ ಸಹಿ ಹಾಕಲು ಮಾಲೀಕನೇ ಬಂದ. ಎದ್ದು ನಿಂತೆ. ಗಡಿಯಾರದ ಬೆನ್ನು ನೋಡಿ ಎಂದೆ. ಅಲ್ಲೂ 60 ಸೈಕಲ್. ರೇಡಿಯೋ ಸಮಯ ಸಾರುವ ಹನ್ನೆರಡರ ಪಿಪ್‌ಗೆ ಮುಳ್ಳನ್ನು ಹನ್ನೆರಡಕ್ಕಿಟ್ಟು ಚಾಲೂ ಮಾಡಿ, ಒಂದರ ಪಿಪ್‌ವರೆಗೆ ಕಾಯಿರಿ ಎಂದೆ.

ಕಾದರು. ನಲವತ್ತು ಹೆಂಗಸರು, ಯಾರೂ ಬುತ್ತಿ ಬಿಚ್ಚಲಿಲ್ಲ. ಮಿಸ್ ಅಯೋನಿ ಮೆಲ್ಲಗೆ ಹಾಡುತ್ತ ಹೊಲಿದಳು. ಹತ್ತನೇ ಕೀರ್ತನೆ ಮುಗಿಯಿತು. ಐವತ್ತನೇ ಕಾಲರ್ ಬಿತ್ತು. ರೇಡಿಯೋ ಪಿಪ್ ಎಂದಿತು. ಗಡಿಯಾರದಲ್ಲಿ ಒಂದಕ್ಕೆ ಇನ್ನೂ ಹತ್ತು ನಿಮಿಷ.

ಮಾಲೀಕ ತನ್ನ ಕೈಗಡಿಯಾರವನ್ನು ಎರಡು ಸಲ ನೋಡಿಕೊಂಡ. ಮಿಸ್ ಅಯೋನಿ ಪಿನಾಕನತ್ತ ತಿರುಗಿದಳು.

"ಅದಕ್ಕೂ ವಯಸ್ಸಾಯ್ತೇನಪ್ಪ?"

ಶೆಡ್ಡಿಗೆ ಶೆಡ್ಡೇ ನಕ್ಕಿತು. ಪಟ್ಟಿ ಹರಿದರು. ಇನ್ನು ಮೇಲೆ ಗಂಟೆಗೆ ಐವತ್ತು.

ಮಾರ್ಚ್ 11, ಸೋಮವಾರ, ಬೆಳಿಗ್ಗೆ 11

ಕಳಿಸಿದ ಇಬ್ಬರನ್ನೂ ವಾಪಸ್ ಕರೆಯಿರಿ ಎಂದು ಅರ್ಜಿ ಕೊಟ್ಟೆ. ಈಗ ಪಿನಾಕ್ ಬಂದ. ಆಫೀಸಿಗೆ ಬಾ, ಒಬ್ಬಳೇ, ಅಂದ.

ಮಿಸ್ ಅಯೋನಿ ಮಿಷನ್ ನಿಲ್ಲಿಸಿದಳು. ಅವಳ ಪಕ್ಕದವಳೂ. ಆಮೇಲೆ ಸಾಲಿಗೆ ಸಾಲು. ಈ ಶೆಡ್ಡಿನಲ್ಲಿ ಇಂಥ ಮೌನ ಕೇಳಿಯೇ ಇಲ್ಲ. ಮಿಸ್ ಅಯೋನಿ ಕೀರ್ತನೆ ಎತ್ತಿದ್ದಾಳೆ, ಕಾಲರ್ ಇಲ್ಲದ ಕೀರ್ತನೆ — ಎಲ್ಲರೂ ಎದ್ದಿದ್ದಾರೆ, ಜೊತೆಗೆ ಬರಲು ಬಾಗಿಲಲ್ಲಿ ನನಗಾಗಿ ಕಾ—